ಇಳಿಯುತ್ತಿದ್ದ ತೂಕ ನಿಂತೇ ಹೋದಾಗ

ನನ್ನ ಅಕ್ಕನಿಗೆ ಈಗ 44 ವರ್ಷ. ಎರಡು ವರ್ಷದ ಹಿಂದೆ ಅವಳ ತೂಕ 78 ಕೆಜಿ ಇತ್ತು. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ಇದ್ದೀರಿ ಎಂದು ಡಾಕ್ಟರ್ ಹೇಳಿದರು. ಹೆದರಿದಳು. ಮಾರನೇ ದಿನದಿಂದಲೇ ಬೆಳಗ್ಗೆ ವಾಕಿಂಗ್ ಶುರುವಾಯಿತು. ರಾತ್ರಿ ಅನ್ನ ಬಿಟ್ಟು ಒಂದು ಚಪಾತಿ, ಸಂಜೆಯ ಬೋಂಡ ಬಂದ್, ಕಾಫಿಗೆ ಸಕ್ಕರೆ ಅರ್ಧ ಚಮಚ. ಆರು ತಿಂಗಳಲ್ಲಿ 71 ಕೆಜಿಗೆ ಬಂದಳು. ಬ್ಲೌಸ್‌ಗಳಿಗೆಲ್ಲ ಹೊಸದಾಗಿ ಹೊಲಿಗೆ ಹಾಕಿಸಿ ಬಿಗಿ ಮಾಡಿಸಿಕೊಂಡಳು.

ಏಳನೇ ತಿಂಗಳೂ 71. ಎಂಟನೇ ತಿಂಗಳು 71.2.

ಅವಳು ಡಯಟ್ ಸಲಹೆಗೆ ಹೋಗುತ್ತಿದ್ದ ಕಡೆ ಆಗ ಬಂದ ಮಾತು ಇದು: “ಮೇಡಂ, ನೀವು ಎಲ್ಲೋ ಕದ್ದು ತಿಂತಾ ಇದ್ದೀರಿ. ಲೆಕ್ಕ ಸುಳ್ಳು ಹೇಳಲ್ಲ.” ಅಕ್ಕ ಮನೆಗೆ ಬಂದು ಅತ್ತಳು. “ಮಾಡಿದ್ರೂ ಅಷ್ಟೇ, ಬಿಟ್ರೂ ಅಷ್ಟೇ ಅಂದ್ಮೇಲೆ ಯಾಕೆ ಸುಮ್ನೆ ಹೊಟ್ಟೆ ಕಟ್ಟಬೇಕು?” ಎಂದು ಎಲ್ಲ ಬಿಟ್ಟಳು. ಮುಂದಿನ ಯುಗಾದಿ ಹೊತ್ತಿಗೆ ತೂಕ 76.

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಅಕ್ಕ ಸುಳ್ಳು ಹೇಳುವವಳಲ್ಲ. ಹಾಗಾದರೆ ಲೆಕ್ಕ ತಪ್ಪಬೇಕು, ಅಲ್ವಾ? ಓದುತ್ತಾ ಹೋದಾಗ ಗೊತ್ತಾಯಿತು, ಅವಳ ಮುಂದೆ ಇಟ್ಟ ಲೆಕ್ಕವೇ ತಪ್ಪಾಗಿತ್ತು. ಅಷ್ಟೇ ಅಲ್ಲ, “ಮಾಡಿದ್ರೂ ಅಷ್ಟೇ, ಬಿಟ್ರೂ ಅಷ್ಟೇ” ಎಂಬ ಅವಳ ಮಾತೂ ತಪ್ಪಾಗಿತ್ತು. ಬಿಟ್ಟ ಮೇಲೆ 5 ಕೆಜಿ ವಾಪಸ್ ಬಂತಲ್ಲ. ಆ ಎರಡು ತಿಂಗಳು ಅವಳ ಶ್ರಮ ದಿನವೂ ಕೆಲಸ ಮಾಡುತ್ತಲೇ ಇತ್ತು. ಆ 5 ಕೆಜಿಯನ್ನು ಬಾಗಿಲ ಹೊರಗೆ ತಡೆದು ನಿಲ್ಲಿಸಿತ್ತು. ಮೆಷಿನ್ ಮಾತ್ರ ಅದನ್ನು ತೋರಿಸಲಿಲ್ಲ.

ಜಿಮ್‌ಗಳಲ್ಲಿ ಇದಕ್ಕೆ ಪ್ಲಾಟೋ ಅನ್ನುತ್ತಾರೆ. ನಮ್ಮ ಮನೆಗಳಲ್ಲಿ “ಮುಳ್ಳು ಅಲ್ಲಾಡ್ತಾನೇ ಇಲ್ಲ” ಅನ್ನುತ್ತೇವೆ. ಇದು ಒಬ್ಬಿಬ್ಬರ ಮಾತಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಹೆಂಗಸರಲ್ಲೂ ಗಂಡಸರಲ್ಲೂ ನೂರಕ್ಕೆ ಸುಮಾರು 30 ಜನರ ತೂಕ ಇರಬೇಕಾದ್ದಕ್ಕಿಂತ ಜಾಸ್ತಿ. ಅವರಲ್ಲಿ ಇಳಿಸಲು ಹೊರಟವರೆಲ್ಲ ಒಂದಲ್ಲ ಒಂದು ದಿನ ಈ ಜಾಗಕ್ಕೆ ಬಂದೇ ಬರುತ್ತಾರೆ. ಬಹಳ ಜನ ಬಿಟ್ಟುಬಿಡುವುದೂ ಇಲ್ಲೇ.

ಲೆಕ್ಕ ಎಲ್ಲಿ ತಪ್ಪಿತು?

ಎಲ್ಲರ ಬಾಯಲ್ಲೂ ಇರುವ ಲೆಕ್ಕ ಹೀಗಿದೆ. ಒಂದು ಕೆಜಿ ಕೊಬ್ಬು ಅಂದರೆ ಸುಮಾರು 7,700 ಕ್ಯಾಲರಿ. ದಿನಕ್ಕೆ 500 ಕ್ಯಾಲರಿ ಕಡಿಮೆ ತಿಂದರೆ ಹದಿನೈದು ದಿನಕ್ಕೆ ಒಂದು ಕೆಜಿ ಹೋಗುತ್ತದೆ. ವರ್ಷಕ್ಕೆ ಹತ್ತಿರ ಹತ್ತಿರ 24 ಕೆಜಿ. ಅಮೆರಿಕದ ವೈದ್ಯ ಮ್ಯಾಕ್ಸ್ ವಿಷ್ನೋಫ್ಸ್ಕಿ 1958ರಲ್ಲಿ ಬರೆದ ಲೇಖನದಿಂದ ಹರಡಿದ ಲೆಕ್ಕ ಇದು. ಇವತ್ತಿಗೂ ಎಷ್ಟೋ ಮೊಬೈಲ್ ಆ್ಯಪ್‌ಗಳು, ಡಯಟ್ ಚಾರ್ಟ್‌ಗಳು ಇದನ್ನೇ ನಂಬಿಕೊಂಡಿವೆ.

ಕೊಬ್ಬಿನಲ್ಲಿ ಅಷ್ಟು ಶಕ್ತಿ ಇರುವುದು ನಿಜ. ಆದರೆ ಈ ಲೆಕ್ಕ 78 ಕೆಜಿಯ ದೇಹವೂ 71 ಕೆಜಿಯ ದೇಹವೂ ದಿನಕ್ಕೆ ಒಂದೇ ಸಮ ಖರ್ಚು ಮಾಡುತ್ತವೆ ಎಂದುಕೊಳ್ಳುತ್ತದೆ. ಗ್ಯಾಸ್ ಸಿಲಿಂಡರ್ ಇಟ್ಟುಕೊಂಡು ಸ್ಕೂಟರ್ ಓಡಿಸಿದರೆ ಪೆಟ್ರೋಲ್ ಜಾಸ್ತಿ ಬೇಕು. ಇಳಿಸಿದ ಮೇಲೆ ಕಡಿಮೆ ಸಾಕು. ದೇಹವೂ ಹಾಗೆಯೇ. ಅಕ್ಕ ಇಳಿಸಿದ 7 ಕೆಜಿ ಅಂದರೆ ಅರ್ಧ ಸಿಲಿಂಡರ್ ಗ್ಯಾಸ್‌ನ ಭಾರ. ಅದನ್ನು ಹೊತ್ತು ಮೆಟ್ಟಿಲು ಹತ್ತುವ ಕೆಲಸ ಈಗ ಇಲ್ಲ. ಅದರೊಳಗಿನ ಜೀವಕೋಶಗಳನ್ನು ಸಾಕುವ ಕೆಲಸವೂ ಇಲ್ಲ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ಕೆವಿನ್ ಹಾಲ್ ಮತ್ತು ಜೊತೆಗಾರರು 2011ರಲ್ಲಿ ಹೆಚ್ಚು ಸರಿಯಾದ ಲೆಕ್ಕ ಕೊಟ್ಟರು. ದಿನದ ಊಟದಲ್ಲಿ ಸುಮಾರು 24 ಕ್ಯಾಲರಿಯನ್ನು ಶಾಶ್ವತವಾಗಿ ಕಡಿಮೆ ಮಾಡಿದರೆ ಕೊನೆಗೆ ಒಂದು ಕೆಜಿ ಇಳಿಯುತ್ತದೆ. ಆದರೆ ಅದರ ಅರ್ಧ ಇಳಿಯಲು ಒಂದು ವರ್ಷ ಬೇಕು. ಬಹುಪಾಲು ಮುಗಿಯಲು ಮೂರು ವರ್ಷ. ಅಂದರೆ ದಿನಕ್ಕೆ 500 ಕ್ಯಾಲರಿ ಕಡಿಮೆ ಮಾಡಿದವರು ಮೊದಲ ವರ್ಷ ಸುಮಾರು 10 ಕೆಜಿ ಇಳಿಯಬಹುದು. ಅದೂ ಒಂದು ದಿನವೂ ತಪ್ಪದೆ ನಡೆಸಿದರೆ. 24 ಕೆಜಿ ಎಲ್ಲಿ, 10 ಕೆಜಿ ಎಲ್ಲಿ! ಅಕ್ಕ ಆರು ತಿಂಗಳಲ್ಲಿ 7 ಕೆಜಿ ಇಳಿಸಿದ್ದಳು. ಅವಳು ಹಿಂದೆ ಬಿದ್ದಿರಲೇ ಇಲ್ಲ. ಅವಳ ಕೈಗೆ ಕೊಟ್ಟ ಅಳತೆಗೋಲೇ ಸುಳ್ಳಾಗಿತ್ತು.

ದೇಹ ಚಿಕ್ಕದಾದಾಗ ಖರ್ಚು ಇಳಿಯುವುದರ ಜೊತೆಗೆ ಇನ್ನೊಂದು ಸಂಗತಿ ನಡೆಯುತ್ತದೆ. ದೇಹ ತನ್ನ ಗಾತ್ರಕ್ಕೆ ಬೇಕಾದ್ದಕ್ಕಿಂತಲೂ ಸ್ವಲ್ಪ ಜಾಸ್ತಿಯೇ ಕೈ ಬಿಗಿ ಹಿಡಿಯುತ್ತದೆ. ಥೈರಾಯ್ಡ್ ಹಾರ್ಮೋನು ತುಸು ತಗ್ಗುತ್ತದೆ. ಸ್ನಾಯುಗಳು ಅದೇ ಕೆಲಸವನ್ನು ಕಡಿಮೆ ಶಕ್ತಿಯಲ್ಲಿ ಮಾಡುತ್ತವೆ. ನಮಗೇ ಗೊತ್ತಾಗದಂತೆ ಓಡಾಟ ಕಡಿಮೆಯಾಗುತ್ತದೆ. ಮೊದಲು ಎದ್ದು ಹೋಗಿ ನೀರು ತರುತ್ತಿದ್ದವರು “ಪುಟ್ಟಾ, ಒಂದು ಲೋಟ ನೀರು ಕೊಡು” ಅನ್ನಲು ಶುರು ಮಾಡುತ್ತಾರೆ. ಎಲ್ಲ ಸೇರಿ, ಇಳಿದ ಪ್ರತಿ ಕೆಜಿಗೆ ದಿನದ ಖರ್ಚು ಸುಮಾರು 20ರಿಂದ 30 ಕ್ಯಾಲರಿ ಕಡಿಮೆಯಾಗುತ್ತದೆ. ಅಕ್ಕನ ವಿಷಯದಲ್ಲಿ ಅದು 140ರಿಂದ 210. ಮೊದಲು ದಿನಕ್ಕೆ ಅಂದಾಜು 1,950 ಕ್ಯಾಲರಿ ಖರ್ಚು ಮಾಡುತ್ತಿದ್ದ ದೇಹ ಈಗ 1,775ರ ಆಸುಪಾಸಿನಲ್ಲಿ ನಡೆದುಹೋಗುತ್ತದೆ.

ಇಲ್ಲೊಂದು ಮಾತು ಹೇಳಲೇಬೇಕು. “ಕಡಿಮೆ ತಿಂದರೆ ದೇಹ ಹೆದರಿ ಕೊಬ್ಬನ್ನೆಲ್ಲ ಕೂಡಿಡುತ್ತದೆ, ಅದಕ್ಕೇ ತೂಕ ಇಳಿಯಲ್ಲ” ಎಂದು ಬಹಳ ಜನ ನಂಬಿದ್ದಾರೆ. ಇದು ಸರಿಯಲ್ಲ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಯುವಕರ ಮೇಲೆ ಒಂದು ಪ್ರಯೋಗ ಮಾಡಿದರು. ಯುದ್ಧದಲ್ಲಿ ಹೋರಾಡಲು ಒಪ್ಪದ ಆ ಹುಡುಗರು ತಾವಾಗಿಯೇ ಮುಂದೆ ಬಂದಿದ್ದರು. 24 ವಾರ ದಿನಕ್ಕೆ ಸುಮಾರು 1,570 ಕ್ಯಾಲರಿ ಊಟ, ಜೊತೆಗೆ ವಾರಕ್ಕೆ ಮೈಲುಗಟ್ಟಲೆ ನಡಿಗೆ. ಅವರ ತೂಕದ ನಾಲ್ಕನೇ ಒಂದು ಭಾಗ ಹೋಯಿತು. ಸುಮ್ಮನೆ ಕೂತಾಗಿನ ದೇಹದ ಖರ್ಚು ಸುಮಾರು 40% ಕುಸಿಯಿತು. ಮೈ ಸದಾ ತಣ್ಣಗೆ, ಮನಸ್ಸು ಸದಾ ಊಟದ ಮೇಲೆ. ಕೊನೆಯ ವಾರಗಳಲ್ಲಿ ತೂಕ ಇಳಿಯುವುದು ಬಹುತೇಕ ನಿಂತಿತ್ತು. ಆದರೆ ಆ ಹೊತ್ತಿಗೆ ಅವರ ಮೈಯಲ್ಲಿ ಕೊಬ್ಬೇ ಹೆಚ್ಚು ಉಳಿದಿರಲಿಲ್ಲ. ದೇಹ ಖರ್ಚನ್ನು ಇಳಿಸುತ್ತದೆ, ನಿಜ. ಗಾಳಿಯಿಂದ ಕೊಬ್ಬು ಮಾಡಿಕೊಳ್ಳುವುದಿಲ್ಲ.

ಆ ಪ್ರಯೋಗದಿಂದ ನಮಗೆ ದಕ್ಕುವ ಬುದ್ಧಿ ಇನ್ನೊಂದಿದೆ. ತೂಕ ನಿಂತಾಗ ಊಟವನ್ನು ಇನ್ನೂ ಅರ್ಧ ಮಾಡಿ, ದಿನಕ್ಕೆ 800 ಕ್ಯಾಲರಿಗೆ ಇಳಿಸಿ, ತಲೆ ತಿರುಗಿ ಬೀಳುವ ಹೆಣ್ಣುಮಕ್ಕಳನ್ನು ನೋಡಿದ್ದೇನೆ. ಆ ದಾರಿಯಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಕೂದಲು ಉದುರುತ್ತದೆ. ಯಾರೂ ಅದನ್ನು ತಿಂಗಳಾನುಗಟ್ಟಲೆ ನಡೆಸಲಾರರು.

ಹಸಿವು ಎಂಬ ದೊಡ್ಡ ಕೈ

ಖರ್ಚು ಇಳಿಯುವುದು ಕತೆಯ ಚಿಕ್ಕ ಭಾಗ. ಅಕ್ಕನ ಖರ್ಚು 1,775ಕ್ಕೆ ಇಳಿದಿತ್ತು. ಅವಳು ನಿಜಕ್ಕೂ ಮೊದಲಿನಂತೆ 1,450 ಕ್ಯಾಲರಿಯನ್ನೇ (ಹಳೆಯ ಖರ್ಚಿಗಿಂತ 500 ಕಡಿಮೆ) ತಿನ್ನುತ್ತಿದ್ದರೆ ದಿನಕ್ಕೆ ಇನ್ನೂ 300ರಷ್ಟು ಕೊರತೆ ಉಳಿದಿರಬೇಕಿತ್ತು. ತೂಕ ನಿಧಾನಕ್ಕಾದರೂ ಇಳಿಯಬೇಕಿತ್ತು. ಇಳಿಯಲಿಲ್ಲ. ಅಂದರೆ ಆ 300 ಕ್ಯಾಲರಿ ಎಲ್ಲಿಂದಲೋ ಅವಳ ತಟ್ಟೆಗೆ ಬಂದಿತ್ತು. ಹಾಗಾದರೆ ಕದ್ದು ತಿಂದಳೇ?

ಇಲ್ಲ. ಇದನ್ನು ಬಹಳ ಚೆನ್ನಾಗಿ ತೋರಿಸಿದ ಅಧ್ಯಯನ 2016ರಲ್ಲಿ ಬಂತು. ಸಕ್ಕರೆ ಕಾಯಿಲೆಗೆ ಕೊಡುವ ಕೆನಾಗ್ಲಿಫ್ಲೋಜಿನ್ ಎಂಬ ಮಾತ್ರೆ ಇದೆ. ಅದು ದಿನಕ್ಕೆ ಸುಮಾರು 360 ಕ್ಯಾಲರಿಯಷ್ಟು ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಕಳಿಸುತ್ತದೆ. ತೆಗೆದುಕೊಂಡವರಿಗೆ ಇದು ಅನುಭವಕ್ಕೆ ಬರುವುದಿಲ್ಲ. ಅವರು ಡಯಟ್ ಮಾಡುತ್ತಿರಲಿಲ್ಲ, ಯಾರೂ ಅವರಿಗೆ ಕಡಿಮೆ ತಿನ್ನಿ ಅಂದಿರಲಿಲ್ಲ. ತೂಕ ಕೆಲವು ಕೆಜಿ ಇಳಿಯಿತು. ಆಮೇಲೆ ನಿಂತಿತು. ಮಾತ್ರೆ ಮಾತ್ರ ದಿನವೂ ಅಷ್ಟೇ ಸಕ್ಕರೆಯನ್ನು ಹೊರಗೆ ಹಾಕುತ್ತಲೇ ಇತ್ತು. ಕೆವಿನ್ ಹಾಲ್ ಮತ್ತು ಜೊತೆಗಾರರು ಲೆಕ್ಕ ಹಾಕಿ ನೋಡಿದರು. ಇಳಿದ ಪ್ರತಿ ಕೆಜಿಗೆ ಈ ಜನ ದಿನಕ್ಕೆ ಸುಮಾರು 100 ಕ್ಯಾಲರಿ ಜಾಸ್ತಿ ತಿನ್ನತೊಡಗಿದ್ದರು. ತಮಗೇ ಗೊತ್ತಿಲ್ಲದೆ.

ಈ ಸಂಖ್ಯೆಯನ್ನು ಸ್ವಲ್ಪ ಹೊತ್ತು ನೋಡಿ. ಒಂದು ಕೆಜಿ ಇಳಿದರೆ ಖರ್ಚು 20-30 ಕ್ಯಾಲರಿ ಕಡಿಮೆಯಾಗುತ್ತದೆ, ಹಸಿವಿನ ಎಳೆತ 100 ಕ್ಯಾಲರಿ ಹೆಚ್ಚುತ್ತದೆ. ಹಸಿವು ಮೂರು-ನಾಲ್ಕು ಪಟ್ಟು ದೊಡ್ಡ ಎದುರಾಳಿ. 7 ಕೆಜಿ ಇಳಿಸಿದ ಅಕ್ಕನನ್ನು ಅವಳ ದೇಹ ದಿನಕ್ಕೆ 700 ಕ್ಯಾಲರಿಯಷ್ಟು ಊಟದ ಕಡೆಗೆ ಎಳೆಯುತ್ತಿತ್ತು. ಮೊದಲ ತಿಂಗಳು ಎರಡನೇ ಸಲ ಬಡಿಸಲು ಬಂದಾಗ ಸುಲಭವಾಗಿ ಬೇಡ ಅಂದಿದ್ದಳು. ಎಂಟನೇ ತಿಂಗಳು ಅದೇ “ಬೇಡ”ಕ್ಕೆ ಎಷ್ಟೋ ಪಟ್ಟು ಮನಸ್ಸು ಗಟ್ಟಿ ಮಾಡಬೇಕಿತ್ತು. ಅವಳ ಪ್ರಯತ್ನ ಕಡಿಮೆಯಾಗಿರಲಿಲ್ಲ. ಅಷ್ಟೇ ಪ್ರಯತ್ನಕ್ಕೆ ಸಿಗುವ ಫಲ ಕಡಿಮೆಯಾಗಿತ್ತು. “ನಾನು ಮೊದಲಿನ ಹಾಗೇ ಕಷ್ಟಪಡ್ತಿದ್ದೀನಿ” ಎಂಬ ಅವಳ ಮಾತು ಅಕ್ಷರಶಃ ಸತ್ಯ.

ಇದರ ಹಿಂದೆ ಹಾರ್ಮೋನುಗಳಿವೆ. ಕೊಬ್ಬಿನ ಕೋಶಗಳು ಲೆಪ್ಟಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಉಗ್ರಾಣ ತುಂಬಿದೆ ಎಂದು ಮೆದುಳಿಗೆ ಹೇಳುವುದು ಅದರ ಕೆಲಸ. ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ತಂಡ 1994ರಲ್ಲಿ ಇದನ್ನು ಕಂಡುಹಿಡಿಯಿತು. ಕೊಬ್ಬು ಕರಗಿದಾಗ ಲೆಪ್ಟಿನ್ ಇಳಿಯುತ್ತದೆ. ಮೆದುಳಿಗೆ ಉಗ್ರಾಣ ಬರಿದಾಗುತ್ತಿದೆ ಅನ್ನಿಸುತ್ತದೆ. ಹೊಟ್ಟೆಯಿಂದ ಹೊರಡುವ ಗ್ರೆಲಿನ್ ಎಂಬ ಹಸಿವಿನ ಹಾರ್ಮೋನು ಏರುತ್ತದೆ. ಮೆಲ್ಬರ್ನ್‌ನ ಸಂಶೋಧಕರು 50 ಜನರಿಗೆ 10 ವಾರ ಬಿಗಿ ಡಯಟ್ ಮಾಡಿಸಿ, ಒಂದು ವರ್ಷದ ನಂತರ ಮತ್ತೆ ರಕ್ತ ಪರೀಕ್ಷೆ ಮಾಡಿದರು. 2011ರಲ್ಲಿ ಪ್ರಕಟವಾದ ಆ ಫಲಿತಾಂಶ ಹೇಳುವುದೇನೆಂದರೆ, ವರ್ಷ ಕಳೆದರೂ ಈ ಹಾರ್ಮೋನುಗಳು ಮೊದಲಿನ ಸ್ಥಿತಿಗೆ ಬಂದಿರಲಿಲ್ಲ. ಹಸಿವೂ ತಗ್ಗಿರಲಿಲ್ಲ. ಹಾಗಾಗಿ “ಬಾಯಿ ಕಟ್ಟೋಕಾಗಲ್ವಾ?” ಎಂದು ಕೇಳುವವರು ದಯವಿಟ್ಟು ಸ್ವಲ್ಪ ಯೋಚಿಸಿ ಕೇಳಿ.

ತೂಕ ಇಳಿಸುವ ಇಂಜೆಕ್ಷನ್‌ಗಳ ವಿಷಯ ಅರ್ಥವಾಗುವುದೂ ಇದರಿಂದಲೇ. 2025ರ ಮಾರ್ಚ್‌ನಲ್ಲಿ ಟಿರ್ಜೆಪಟೈಡ್, ಜೂನ್‌ನಲ್ಲಿ ತೂಕಕ್ಕೆಂದೇ ಕೊಡುವ ಸೆಮಾಗ್ಲುಟೈಡ್ ನಮ್ಮ ದೇಶದ ಔಷಧಿ ಅಂಗಡಿಗೆ ಬಂದವು. ಇವು ಮುಖ್ಯವಾಗಿ ಹಸಿವಿನ ಈ ಎಳೆತವನ್ನೇ ಸಡಿಲ ಮಾಡುತ್ತವೆ. ಅದಕ್ಕೇ ತೂಕ ಹೆಚ್ಚು ದಿನ ಇಳಿಯುತ್ತಾ ಹೋಗುತ್ತದೆ. 2021ರಲ್ಲಿ ಪ್ರಕಟವಾದ ಸೆಮಾಗ್ಲುಟೈಡ್‌ನ ದೊಡ್ಡ ಪ್ರಯೋಗದಲ್ಲಿ 68 ವಾರದಲ್ಲಿ ಸರಾಸರಿ 14.9% ತೂಕ ಇಳಿಯಿತು. ಆದರೆ ಅಲ್ಲೂ ಒಂದು ವರ್ಷ ದಾಟಿದ ಮೇಲೆ ಗೆರೆ ಮಟ್ಟಸವಾಯಿತು. ಔಷಧಿ ನಿಲ್ಲಿಸಿದವರಲ್ಲಿ ಒಂದು ವರ್ಷದೊಳಗೆ ಇಳಿದದ್ದರ ಮೂರನೇ ಎರಡು ಭಾಗ ವಾಪಸ್ ಬಂತು. “ಇಂಜೆಕ್ಷನ್ ಕೆಲಸ ಮಾಡೋದು ನಿಲ್ತು” ಎಂದು ತಾವೇ ಬಿಟ್ಟುಬಿಡುವವರು ಅಕ್ಕ ಮಾಡಿದ ತಪ್ಪನ್ನೇ ದುಬಾರಿ ಬೆಲೆಗೆ ಮಾಡುತ್ತಿದ್ದಾರೆ. ಡಾಕ್ಟರನ್ನು ಕೇಳದೆ ಶುರು ಮಾಡಲೂ ಬೇಡಿ, ನಿಲ್ಲಿಸಲೂ ಬೇಡಿ.

ನಿಜಕ್ಕೂ ನಿಂತಿದೆಯೇ?

ಒಂದು ವಾರ ಮುಳ್ಳು ಅಲ್ಲಾಡದಿದ್ದರೆ ಅದು ಪ್ಲಾಟೋ ಅಲ್ಲ. ದೇಹದ ನೀರು ದಿನದಿಂದ ದಿನಕ್ಕೆ ಒಂದೆರಡು ಕೆಜಿ ಏರಿಳಿಯುತ್ತದೆ. ಮದುವೆ ಊಟದಲ್ಲಿ ಉಪ್ಪಿನಕಾಯಿ, ಹಪ್ಪಳ, ಬಿಸಿಬೇಳೆಭಾತ್ ತಿಂದ ಮಾರನೇ ದಿನ ಉಪ್ಪು ನೀರನ್ನು ಹಿಡಿದಿಟ್ಟಿರುತ್ತದೆ. ಮುಟ್ಟಿನ ಮೊದಲಿನ ದಿನಗಳಲ್ಲಿ ಹೆಂಗಸರ ತೂಕ ಸುಮ್ಮನೆ ಏರುತ್ತದೆ. ಹೊಸದಾಗಿ ವ್ಯಾಯಾಮ ಶುರು ಮಾಡಿದಾಗ ನೋಯುವ ಸ್ನಾಯುಗಳೂ ನೀರು ಹಿಡಿಯುತ್ತವೆ. ಮೊದಲ ವಾರ 2 ಕೆಜಿ ಇಳಿದದ್ದೂ ಬಹುಪಾಲು ನೀರೇ. ಅನ್ನ, ಸಕ್ಕರೆ ಕಡಿಮೆಯಾದಾಗ ಸ್ನಾಯು ಮತ್ತು ಪಿತ್ತಜನಕಾಂಗದಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಖಾಲಿಯಾಗುತ್ತದೆ. ಅದರ ಒಂದೊಂದು ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರು ಹೋಗುತ್ತದೆ. ಆ ವೇಗವನ್ನು ಎರಡನೇ ತಿಂಗಳೂ ನಿರೀಕ್ಷಿಸಿದರೆ ಬೇಜಾರು ಖಂಡಿತ.

ಬೆಳಗ್ಗೆ ಶೌಚ ಮುಗಿಸಿ, ಕಾಫಿಗೆ ಮೊದಲು ತೂಕ ನೋಡಿ. ಏಳು ದಿನದ ಸರಾಸರಿ ತೆಗೆಯಿರಿ. ನಾಲ್ಕು ವಾರದ ಸರಾಸರಿಗಳು ಒಂದೇ ಕಡೆ ನಿಂತಿದ್ದರೆ ಆಗ ನಿಂತಿದೆ ಅನ್ನಿ. ದಿನವೂ ನೋಡಿದರೆ ಮನಸ್ಸು ಕೆಡುತ್ತದೆ ಅನ್ನುವವರು ವಾರಕ್ಕೊಮ್ಮೆ ನೋಡಿದರೂ ಸಾಕು. ಜೊತೆಗೆ ಟೈಲರ್ ಟೇಪಿನಿಂದ ಸೊಂಟದ ಸುತ್ತಳತೆ ತೆಗೆದಿಡಿ. ನಮ್ಮ ಜನಕ್ಕೆ ಇದು ತೂಕಕ್ಕಿಂತ ಮುಖ್ಯ ಎಂದು ನನಗೆ ಅನ್ನಿಸುತ್ತದೆ. ಪುಣೆಯ ಡಾ. ಚಿತ್ತರಂಜನ್ ಯಾಜ್ನಿಕ್ ತಮ್ಮದೂ ತಮ್ಮ ಬ್ರಿಟಿಷ್ ಗೆಳೆಯ ಜಾನ್ ಯುಡ್ಕಿನ್ ಅವರದೂ ಅಳತೆಯನ್ನು 2004ರಲ್ಲಿ ಪಕ್ಕಪಕ್ಕ ಇಟ್ಟು ತೋರಿಸಿದ್ದರು. ಇಬ್ಬರ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ಒಂದೇ, 22.3. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು 9.1%, ಯಾಜ್ನಿಕ್ ಮೈಯಲ್ಲಿ 21.2%. ನೋಡಲು ಸಣ್ಣಗಿದ್ದರೂ ನಮ್ಮಲ್ಲಿ ಕೊಬ್ಬು ಹೊಟ್ಟೆಯ ಸುತ್ತ ಕೂತುಬಿಡುತ್ತದೆ. ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ಸೆಂಟಿಮೀಟರ್ ದಾಟಿದರೆ ಎಚ್ಚರ ಬೇಕು. ತೂಕ ನಿಂತ ತಿಂಗಳಲ್ಲಿ ಟೇಪು ಒಂದು ಸೆಂಟಿಮೀಟರ್ ಇಳಿದಿದ್ದರೆ ನೀವು ನಿಂತಿಲ್ಲ.

ಅಡುಗೆಮನೆಯ ಲೆಕ್ಕ

ಇನ್ನು ಆ 300 ಕ್ಯಾಲರಿಗೆ ಬರೋಣ. ತಿಂದದ್ದನ್ನು ನೆನಪಿನಿಂದ ಸರಿಯಾಗಿ ಹೇಳುವುದು ಮನುಷ್ಯರಿಗೆ ಬಹಳ ಕಷ್ಟ. ನ್ಯೂಯಾರ್ಕ್‌ನಲ್ಲಿ ನಡೆದು 1992ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ದಿನಕ್ಕೆ 1,200 ಕ್ಯಾಲರಿಗಿಂತ ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಅಂದವರನ್ನು ಅದರಲ್ಲಿ ಪರೀಕ್ಷಿಸಿದರು. ಅವರ ದೇಹದ ಖರ್ಚಿನಲ್ಲಿ ಏನೂ ದೋಷ ಇರಲಿಲ್ಲ. ನಿಜವಾಗಿ ತಿಂದದ್ದಕ್ಕಿಂತ ಸರಾಸರಿ 47% ಕಡಿಮೆ ಬರೆದಿದ್ದರು, ಮಾಡಿದ ಓಡಾಟವನ್ನು 51% ಜಾಸ್ತಿ ಬರೆದಿದ್ದರು. ಅವರೂ ಮೋಸಗಾರರಲ್ಲ. ತಾವು ಬರೆದದ್ದು ಸರಿ ಎಂದು ನಂಬಿದ್ದವರು.

ನಮ್ಮ ಅಡುಗೆಯಲ್ಲಿ ಲೆಕ್ಕ ಇನ್ನೂ ಕಷ್ಟ. ಎಣ್ಣೆಯನ್ನು ಕೈ ಅಂದಾಜಿನಲ್ಲಿ ಸುರಿಯುತ್ತೇವೆ. ಒಂದು ದೊಡ್ಡ ಚಮಚ ಎಣ್ಣೆ ಅಂದರೆ 120 ಕ್ಯಾಲರಿ. ಅದು ಪಲ್ಯದೊಳಗೆ ಸೇರಿದ ಮೇಲೆ ಕಣ್ಣಿಗೆ ಕಾಣದು. ಒಂದು ಹಿಡಿ ಕಡ್ಲೆಬೀಜ, ಅಂದರೆ 30 ಗ್ರಾಂ, ಸುಮಾರು 160 ಕ್ಯಾಲರಿ. ಚಟ್ನಿಗೆ ತುರಿದ ಕಾಯಿ 25 ಗ್ರಾಂ ಆದರೆ 100 ಕ್ಯಾಲರಿ. ಮಗು ತಟ್ಟೆಯಲ್ಲಿ ಬಿಟ್ಟ ಅರ್ಧ ದೋಸೆ, “ಚೆಲ್ಲೋದು ಯಾಕೆ” ಎಂದು ತಿಂದ ಪಾತ್ರೆಯ ತಳದ ಚಿತ್ರಾನ್ನ, ಸಾರಿನ ಉಪ್ಪು ನೋಡಲು ಕುಡಿದ ಎರಡು ಸೌಟು. ಇದನ್ನು ಯಾವ ಹೆಂಗಸೂ ಊಟ ಅಂದುಕೊಳ್ಳುವುದಿಲ್ಲ. ಮನೆಮಂದಿಗೆಲ್ಲ ಅಡುಗೆ ಮಾಡುವವರಿಗೆ ತೂಕ ಇಳಿಸುವುದು ಬೇರೆಯವರಿಗಿಂತ ಕಷ್ಟ. ಗಂಡ “ನಾನು ಇಳಿಸಿದ್ನಲ್ಲ, ನಿಂಗ್ಯಾಕೆ ಆಗಲ್ಲ?” ಎಂದು ಕೇಳುವ ಮೊದಲು ಒಂದು ವಾರ ಒಲೆಯ ಮುಂದೆ ನಿಂತು ನೋಡಲಿ.

ಎಣ್ಣೆಗೆ ಒಂದು ಸುಲಭದ ಲೆಕ್ಕ ಇದೆ. ತಿಂಗಳಿಗೆ ಎಷ್ಟು ಲೀಟರ್ ತರುತ್ತೀರಿ ನೋಡಿ. ನಾಲ್ಕು ಜನರ ಮನೆಗೆ 4 ಲೀಟರ್ ಆದರೆ ತಲೆಗೆ ದಿನಕ್ಕೆ 30 ಗ್ರಾಂ, ಅಂದರೆ 270 ಕ್ಯಾಲರಿ. 3 ಲೀಟರ್‌ಗೆ ಇಳಿಸಿದರೆ ತಲೆಗೆ ದಿನಕ್ಕೆ ಹತ್ತಿರ 70 ಕ್ಯಾಲರಿ ಉಳಿಯಿತು. ಯಾರ ತಟ್ಟೆಯಲ್ಲೂ ಒಂದು ತುತ್ತು ಕಡಿಮೆಯಾಗಲಿಲ್ಲ. ಇಂಥ ಬದಲಾವಣೆ ನನಗೆ ಇಷ್ಟ. ಹಸಿವಿನ ಜೊತೆ ಜಗಳವಿಲ್ಲ.

ಅನ್ನ ಬಿಟ್ಟು ಮುದ್ದೆ ತಿಂದರೆ ತೂಕ ಇಳಿಯುತ್ತದೆ ಎಂದು ನಮ್ಮ ಕಡೆ ಗಟ್ಟಿ ನಂಬಿಕೆ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 356 ಕ್ಯಾಲರಿ, 100 ಗ್ರಾಂ ರಾಗಿಯಲ್ಲಿ 320. ದೊಡ್ಡ ವ್ಯತ್ಯಾಸವೇನಲ್ಲ. ರಾಗಿಯಲ್ಲಿ ನಾರು, ಸುಣ್ಣದ ಅಂಶ ಜಾಸ್ತಿ, ಹೊಟ್ಟೆ ಹೆಚ್ಚು ಹೊತ್ತು ತುಂಬಿರುತ್ತದೆ. ಆ ಕಾರಣಕ್ಕೆ ತಿನ್ನಿ. ಆದರೆ ಮುದ್ದೆಯ ಗಾತ್ರ ಎರಡು ಪಟ್ಟಾದರೆ ಲಾಭವಿಲ್ಲ.

ಹಸಿವನ್ನು ತಡೆಯುವಲ್ಲಿ ಪ್ರೋಟೀನ್ ಬಹಳ ಸಹಾಯ ಮಾಡುತ್ತದೆ. ನಮ್ಮ ಊಟ ಸೋಲುವುದೇ ಇಲ್ಲಿ. ದೇಶದ ದೊಡ್ಡ ಸಕ್ಕರೆ ಕಾಯಿಲೆ ಸಮೀಕ್ಷೆಯಾದ ಐಸಿಎಂಆರ್-ಇಂಡಿಯಾಬ್ 2025ರಲ್ಲಿ ಹೇಳಿದ ಪ್ರಕಾರ ನಮ್ಮ ಕ್ಯಾಲರಿಯಲ್ಲಿ ಸುಮಾರು 62% ಅನ್ನ, ಗೋಧಿ, ಸಕ್ಕರೆಯಂಥ ಕಾರ್ಬೋಹೈಡ್ರೇಟ್‌ನಿಂದ ಬರುತ್ತದೆ, ಪ್ರೋಟೀನ್‌ನಿಂದ ಬರುವುದು 12% ಮಾತ್ರ. “ಬೇಳೆ ಸಾರು ತಿಂತೀವಲ್ಲ” ಅನ್ನಬಹುದು. ತಿಳಿಸಾರಿನ ಒಂದು ಸೌಟಿನಲ್ಲಿ ಇರುವ ಬೇಳೆ ಬೆರಳೆಣಿಕೆಯಷ್ಟು. ಅಕ್ಕ ಎರಡನೇ ಸಲ ಶುರು ಮಾಡಿದಾಗ ಬದಲಿಸಿದ ಮೊದಲ ವಿಷಯ ಇದು. ಸಾರಿಗೆ ಬದಲು ಹುರುಳಿಕಾಳಿನ ಬಸ್ಸಾರು ಮಾಡಿ, ಬಸಿದ ಕಾಳಿನ ಪಲ್ಯವನ್ನೇ ತಟ್ಟೆಯ ಮುಖ್ಯ ಭಾಗ ಮಾಡಿಕೊಂಡಳು. 50 ಗ್ರಾಂ ಒಣ ಹುರುಳಿಯಲ್ಲಿ 11 ಗ್ರಾಂ ಪ್ರೋಟೀನ್. ಬೆಳಗ್ಗೆ ಎರಡು ಮೊಟ್ಟೆ, ಮಧ್ಯಾಹ್ನ ಒಂದು ಬಟ್ಟಲು ಗಟ್ಟಿ ಮೊಸರು. ರಾತ್ರಿ ಹನ್ನೊಂದಕ್ಕೆ ಬಿಸ್ಕತ್ತಿನ ಡಬ್ಬ ಹುಡುಕುವುದು ತಾನಾಗಿ ಕಡಿಮೆಯಾಯಿತು ಅನ್ನುತ್ತಾಳೆ. ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರ್ ಹೇಳಿದ ಮಿತಿಯಲ್ಲೇ ಇರಬೇಕು.

ವಾಕಿಂಗ್ ಬಿಡಬೇಡಿ, ಆದರೆ ಅದೊಂದೇ ಸಾಲದು. ತೂಕ ಇಳಿಯುವಾಗ ಸ್ನಾಯು ಉಳಿಸಿಕೊಳ್ಳಲು ಭಾರದ ಕೆಲಸ ಬೇಕು. ಜಿಮ್ಮೇ ಆಗಬೇಕೆಂದಿಲ್ಲ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದು, ಗೋಡೆಗೆ ಕೈ ಕೊಟ್ಟು ದಂಡ, ಮಂಡಿ ಗಟ್ಟಿ ಇದ್ದರೆ ಗರಡಿಮನೆಯ ಬಸ್ಕಿ. ವಾರಕ್ಕೆ ಎರಡು-ಮೂರು ದಿನ ಸಾಕು. ನಿದ್ದೆಯೂ ಲೆಕ್ಕಕ್ಕೆ ಬರುತ್ತದೆ. ಷಿಕಾಗೋ ವಿಶ್ವವಿದ್ಯಾಲಯದ 2010ರ ಒಂದು ಚಿಕ್ಕ ಪ್ರಯೋಗದಲ್ಲಿ ಹತ್ತು ಜನ ಒಂದೇ ರೀತಿಯ ಡಯಟ್ ಮಾಡಿದರು. ರಾತ್ರಿ ಎಂಟೂವರೆ ಗಂಟೆ ಹಾಸಿಗೆಯಲ್ಲಿದ್ದಾಗ ಕರಗಿದ ಕೊಬ್ಬಿಗೆ ಹೋಲಿಸಿದರೆ ಐದೂವರೆ ಗಂಟೆ ಇದ್ದಾಗ ಅರ್ಧಕ್ಕಿಂತ ಕಡಿಮೆ ಕರಗಿತು. ಹೋದ ತೂಕದಲ್ಲಿ ಸ್ನಾಯುವಿನ ಪಾಲು ಹೆಚ್ಚಿತ್ತು.

ಇಷ್ಟೆಲ್ಲ ಮಾಡಿದರೂ ಏನೂ ಆಗದಿದ್ದರೆ ಡಾಕ್ಟರ್ ಹತ್ತಿರ ಹೋಗಿ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಪಿಸಿಓಎಸ್ (ಹೆಂಗಸರಲ್ಲಿ ಹಾರ್ಮೋನು ಏರುಪೇರಾಗುವ ತೊಂದರೆ) ಇದ್ದರೆ ಅದನ್ನೂ ಹೇಳಿ. ಸ್ಟಿರಾಯ್ಡ್, ಇನ್ಸುಲಿನ್, ಮಾನಸಿಕ ಕಾಯಿಲೆಯ ಕೆಲವು ಮಾತ್ರೆಗಳು ತೂಕ ಏರಿಸುತ್ತವೆ. ತಾವಾಗಿ ನಿಲ್ಲಿಸದೆ, ಬೇರೆ ದಾರಿ ಇದೆಯೇ ಎಂದು ಕೇಳಿ.

ನಿಲ್ಲುವುದೂ ಒಂದು ಕೆಲಸ

ಕೊನೆಗೆ ನನ್ನ ಮುಖ್ಯ ಮಾತು. ತೂಕ ನಿಂತಾಗ ಎಲ್ಲರೂ ಕೇಳುವುದು “ಮತ್ತೆ ಇಳಿಸೋದು ಹೇಗೆ?” ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ. ಈಗಲೇ ಇಳಿಸಬೇಕೆ? ಕೆಲವು ತಿಂಗಳು ಇಲ್ಲೇ ನಿಂತರೆ ಆಗದೇ?

ಅಮೆರಿಕದಲ್ಲಿ 3,234 ಜನರ ಮೇಲೆ ನಡೆದ ಸಕ್ಕರೆ ಕಾಯಿಲೆ ತಡೆಯುವ ಪ್ರಯೋಗದ ಫಲಿತಾಂಶ 2002ರಲ್ಲಿ ಬಂತು. ಊಟ, ನಡಿಗೆ ಬದಲಿಸಿಕೊಂಡವರಿಗೆ ಇಟ್ಟ ಗುರಿ 7% ತೂಕ ಇಳಿಸುವುದು, ಅಷ್ಟೇ. ಅವರಲ್ಲಿ ಸಕ್ಕರೆ ಕಾಯಿಲೆ ಬರುವುದು 58% ಕಡಿಮೆಯಾಯಿತು. ಅಕ್ಕ 78ರಿಂದ 71ಕ್ಕೆ ಬಂದಾಗ ಇಳಿಸಿದ್ದು 9%. ಆ ಗುರಿಯನ್ನು ದಾಟಿದ್ದಳು. ಸೋತೆ ಎಂದು ಅವಳು ಅತ್ತ ದಿನ ಅವಳು ಗೆದ್ದಾಗಿತ್ತು, ಹೇಳುವವರು ಯಾರೂ ಇರಲಿಲ್ಲ.

ನಮ್ಮವರ ಉದಾಹರಣೆ ಇನ್ನೂ ಗಟ್ಟಿ. ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಜೊತೆಗಾರರು ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಜನರನ್ನು ಸುಮಾರು ಮೂರು ವರ್ಷ ನೋಡಿದರು. 2006ರಲ್ಲಿ ಫಲಿತಾಂಶ ಪ್ರಕಟವಾಯಿತು. ಊಟ ಮತ್ತು ನಡಿಗೆ ಸರಿಪಡಿಸಿಕೊಂಡವರಲ್ಲಿ ಕಾಯಿಲೆ ಬರುವುದು 28.5% ಕಡಿಮೆಯಾಯಿತು. ಅವರ ತೂಕ ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು! ಮುಳ್ಳು ಅಲ್ಲಾಡದೆಯೇ ದೇಹದೊಳಗೆ ಒಳ್ಳೆಯದು ನಡೆಯುತ್ತಿತ್ತು.

ಬಿಡುವು ತೆಗೆದುಕೊಳ್ಳುವುದರಿಂದ ಇಳಿತ ಸುಲಭವಾಗುತ್ತದೆಯೇ? 2017ರಲ್ಲಿ ಆಸ್ಟ್ರೇಲಿಯಾದಲ್ಲಿ 51 ಗಂಡಸರ ಮೇಲೆ ಒಂದು ಪ್ರಯೋಗ ಪ್ರಕಟವಾಯಿತು. ಎರಡು ವಾರ ಡಯಟ್, ಎರಡು ವಾರ ತೂಕ ಏರದಷ್ಟು ಊಟ, ಹೀಗೆ ಮಾಡಿದವರು ಒಂದೇ ಸಮನೆ ಡಯಟ್ ಮಾಡಿದವರಿಗಿಂತ ಹೆಚ್ಚು ಇಳಿದರು. ಆಮೇಲಿನ ಕೆಲವು ಪ್ರಯೋಗಗಳಲ್ಲಿ ಅಷ್ಟು ಲಾಭ ಕಾಣಲಿಲ್ಲ. ಆದ್ದರಿಂದ ಅದನ್ನು ಮಂತ್ರ ಅಂದುಕೊಳ್ಳಬೇಡಿ. ಆದರೆ ಬಿಡುವಿನಿಂದ ಕೆಲಸ ಕೆಟ್ಟಿತು ಎಂದೂ ಅವು ಹೇಳಲಿಲ್ಲ. ದೀಪಾವಳಿಯಿಂದ ಸಂಕ್ರಾಂತಿವರೆಗೆ, ಮದುವೆ ಸೀಸನ್‌ನಲ್ಲಿ, ಮಕ್ಕಳ ಪರೀಕ್ಷೆಯ ತಿಂಗಳಲ್ಲಿ ಇಳಿಸುವ ಹಟ ಬಿಟ್ಟು, ಏರದಂತೆ ನೋಡಿಕೊಂಡರೆ ಸಾಕು. ಅದಕ್ಕೂ ದಿನವೂ ಗಮನ ಬೇಕು. ಇಳಿದ ತೂಕದಲ್ಲಿ ಇರಲು ಬೇಕಾದ ಊಟವನ್ನು, ಹಸಿವನ್ನು ನಡೆಸುವ ರೀತಿಯನ್ನು ನಾವು ಕಲಿಯುವುದೇ ಆ ತಿಂಗಳುಗಳಲ್ಲಿ.

ಅಕ್ಕ ಹೋದ ವರ್ಷ ಯುಗಾದಿ ಮುಗಿದ ಮೇಲೆ 76ರಿಂದ ಮತ್ತೆ ಶುರು ಮಾಡಿದಳು. ಈ ಸಲ ಅವಸರ ಇರಲಿಲ್ಲ. ಎಣ್ಣೆ ಡಬ್ಬದ ಪಕ್ಕ ಅಳತೆ ಚಮಚ ಬಂತು. ಫ್ರಿಜ್ ಬಾಗಿಲ ಮೇಲೆ ಒಂದು ಹಾಳೆ, ವಾರಕ್ಕೊಂದು ಸರಾಸರಿ, ತಿಂಗಳಿಗೊಂದು ಸೊಂಟದ ಅಳತೆ. ಮೂರು ತಿಂಗಳಿಂದ 72ರ ಆಸುಪಾಸಿನಲ್ಲಿ ನಿಂತಿದ್ದಾಳೆ. ಸಕ್ಕರೆಯ ಮೂರು ತಿಂಗಳ ಪರೀಕ್ಷೆ ಮಾಮೂಲಿ ಮಟ್ಟಕ್ಕೆ ಬಂದಿದೆ.

ಮೊನ್ನೆ ಫೋನ್ ಮಾಡಿದ್ದಳು. “ಹೋದ ವಾರ 72.1, ಈ ವಾರ 72.3 ಕಣೋ” ಅಂದಳು, ಹಾಲಿನ ಲೆಕ್ಕ ಹೇಳುವಷ್ಟು ಸಮಾಧಾನದಲ್ಲಿ. ಆಮೇಲೆ, ಹಬ್ಬಕ್ಕೆ ನಾವೆಲ್ಲ ಎಷ್ಟು ಜನ ಬರುತ್ತೇವೆ, ಹೋಳಿಗೆಗೆ ಎಷ್ಟು ಬೇಳೆ ಬೇಯಿಸಲಿ ಎಂದು ಕೇಳಿದಳು.